ಇಸಾಕನ ಬಾವಿಗಳು, ಮಧುಗಿರಿ ಕಡೆಯ ಸಭೆ

ಪ್ರಶ್ನೆ: ನಾನು ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆ ಶಿಕ್ಷಕಿ. ನಮ್ಮ ಚಿಕ್ಕ ಸಭೆಗೆ ಅಯ್ಯನವರು ತಿಂಗಳಿಗೆ ಎರಡೇ ಭಾನುವಾರ ಬರುತ್ತಾರೆ. ಉಳಿದ ವಾರ ನಾವೇ ಸರದಿಯಲ್ಲಿ ಪ್ರಸಂಗ ಮಾಡುತ್ತೇವೆ. ಈ ಸಲ ನನಗೆ ಆದಿಕಾಂಡ 26ನೇ ಅಧ್ಯಾಯ, ಇಸಾಕನು ಬಾವಿ ತೋಡಿದ ಭಾಗ ಬಂದಿದೆ. ಎರಡು ವಾರ ಸಮಯ ಇದೆ. ಹೀಬ್ರೂ ಬರುವುದಿಲ್ಲ. ಮೊಬೈಲಿನ ಆ್ಯಪ್‌ನಲ್ಲಿ ಪದ ಒತ್ತಿದರೆ ಅರ್ಥ ಬರುತ್ತದೆ, ಅಷ್ಟೇ. ಎರಡನೇ ಬಾವಿಯ ಹೆಸರು ‘ಸಿಟ್ನಾ’, ಮೂರನೆಯದು ‘ರೆಹೋಬೋತ್’. ಸಿಟ್ನಾಕ್ಕೂ ‘ಸೈತಾನ’ ಅನ್ನುವ ಪದಕ್ಕೂ ಮೂಲ ಒಂದೇ ಅಂತ ಆ್ಯಪ್ ತೋರಿಸಿತು. ‘ಸೈತಾನನ ಬಾವಿ ಬಿಟ್ಟು ರೆಹೋಬೋತಿಗೆ ಬನ್ನಿ’ ಅಂತ ಪ್ರಸಂಗ ಕಟ್ಟಬಹುದಾ? ಮೂಲಭಾಷೆ ಬಾರದವರು ಹಳೆ ಒಡಂಬಡಿಕೆಯ ಭಾಗವನ್ನು ಓದಿ ಹೇಗೆ ತಯಾರಾಗಬೇಕು?

ಉತ್ತರ: ಸಿಟ್ನಾದಿಂದಲೇ ಶುರು ಮಾಡೋಣ, ಯಾಕೆಂದರೆ ನಿಮ್ಮ ಮನಸ್ಸು ಆಗಲೇ ಅಲ್ಲಿ ಕೂತುಬಿಟ್ಟಿದೆ.

ಆ್ಯಪ್ ಸುಳ್ಳು ಹೇಳಿಲ್ಲ. ಸಿಟ್ನಾ, ಸಾತಾನ್ ಎರಡಕ್ಕೂ ಬೇರು ಒಂದೇ. ಆದರೆ ಬೇರು ಒಂದಾದ ಮಾತ್ರಕ್ಕೆ ಎರಡು ಪದ ಒಂದೇ ಆಗುವುದಿಲ್ಲ. ಕನ್ನಡದಲ್ಲೇ ನೋಡಿ. ‘ಕಟ್ಟು’ ಅನ್ನುವುದರಿಂದ ಕಟ್ಟೆ ಬಂತು, ಕಟ್ಟಡ ಬಂತು, ಕಟ್ಟಳೆ ಬಂತು. ಅರಳಿಕಟ್ಟೆ ಮೇಲೆ ಕೂತ ತಾತನನ್ನು ತೋರಿಸಿ ‘ಇವರು ಕಟ್ಟಳೆಯ ಮೇಲೆ ಕೂತಿದ್ದಾರೆ’ ಅಂದರೆ ನಿಮ್ಮ ಮೂರನೇ ಕ್ಲಾಸಿನ ಮಕ್ಕಳೂ ನಗುತ್ತಾರೆ. ಹೀಬ್ರೂ ವಿಷಯದಲ್ಲಿ ಯಾರೂ ನಗುವುದಿಲ್ಲ, ಯಾಕೆಂದರೆ ಕೇಳುವವರಿಗೆ ಗೊತ್ತಿಲ್ಲ. ಅದಕ್ಕೇ ನಾವು ಜಾಸ್ತಿ ಎಚ್ಚರ ವಹಿಸಬೇಕು.

ಹಳೆ ಒಡಂಬಡಿಕೆಯಲ್ಲಿ ‘ಸಾತಾನ್’ ಅಂದರೆ ಮೊದಲ ಅರ್ಥ ಎದುರು ನಿಲ್ಲುವವನು, ಎದುರಾಳಿ. ಅರಣ್ಯಕಾಂಡ 22:22ರಲ್ಲಿ ಬಿಳಾಮನ ಕತ್ತೆಗೆ ಅಡ್ಡ ನಿಂತದ್ದು ದೇವದೂತ. ಅವನು ‘ಸಾತಾನ್’ ಆಗಿ ನಿಂತ ಅಂತಲೇ ಅಲ್ಲಿ ಬರೆದಿದೆ. 1 ಸಮುವೇಲ 29:4ರಲ್ಲಿ ಫಿಲಿಷ್ಟಿಯರ ಸರದಾರರು ದಾವೀದನನ್ನು ಯುದ್ಧಕ್ಕೆ ಕರೆದೊಯ್ಯಲು ಒಪ್ಪುವುದಿಲ್ಲ. ಅವನು ನಮಗೇ ‘ಸಾತಾನ್’ ಆದರೆ ಏನು ಗತಿ ಅನ್ನುತ್ತಾರೆ. ಇನ್ನು ‘ಸಿಟ್ನಾ’ ಅನ್ನುವ ಇದೇ ಪದ ಬೇರೆ ಒಂದು ಕಡೆ ಬರುತ್ತದೆ, ಎಜ್ರ 4:6ರಲ್ಲಿ. ಯೆಹೂದದವರ ಮೇಲೆ ಅವರ ವಿರೋಧಿಗಳು ರಾಜನಿಗೆ ಒಂದು ಸಿಟ್ನಾ ಬರೆದು ಕಳಿಸುತ್ತಾರೆ. ಅಂದರೆ ದೂರಿನ ಅರ್ಜಿ. ತಾಲ್ಲೂಕು ಆಫೀಸಿಗೆ ಅಲೆದವರಿಗೆ ಇದು ತಕ್ಷಣ ಗೊತ್ತಾಗುತ್ತದೆ: ತಕರಾರು. ನನ್ನನ್ನು ಕೇಳಿದರೆ ಮೊದಲ ಬಾವಿ ಏಸೆಕ್ ಅಂದರೆ ‘ಜಗಳ’, ಎರಡನೆಯದು ಸಿಟ್ನಾ ಅಂದರೆ ‘ತಕರಾರು’. ಮೊದಲನೆಯದು ಬಾಯಿ ಮಾತಿನ ಕಿತ್ತಾಟ. ಎರಡನೆಯದು ಹಗೆ ಗಟ್ಟಿಯಾದ ಮೇಲಿನದು. ನಮ್ಮ ಊರುಗಳಲ್ಲೂ ಹೊಲಕ್ಕೆ, ಬಾವಿಗೆ ಇಂಥ ಹೆಸರು ಇಲ್ವಾ?

ಇಲ್ಲಿ ಸೈತಾನನನ್ನು ತಂದರೆ ಆಗುವ ಅನಾಹುತ ಬೇರೆ ಇದೆ. ಬಾವಿ ನಮ್ಮದು ಅಂದ ಗೆರಾರಿನ, ಅಂದರೆ ಫಿಲಿಷ್ಟಿಯರ ಊರಿನ, ದನ ಕಾಯುವವರು ಸೈತಾನನ ಕಡೆಯವರಾಗಿಬಿಡುತ್ತಾರೆ. ಮಾರನೇ ದಿನ ನಿಮ್ಮ ಸಭೆಯವರು ಪಕ್ಕದ ಜಮೀನಿನವರನ್ನು ಅದೇ ಕಣ್ಣಿನಿಂದ ನೋಡುತ್ತಾರೆ. ಅದೇ ರೀತಿ ಫಿಲಿಷ್ಟಿಯರು ಅಂದರೆ ಇವತ್ತಿನ ಪ್ಯಾಲೆಸ್ಟೀನಿನವರು ಅಂತಲೋ, ನಮ್ಮೂರಿನ ಬೇರೆ ಧರ್ಮದವರು ಅಂತಲೋ ಸೂಚಿಸುವುದೂ ಬೇಡ. ಹೆಸರಿನ ಸದ್ದು ಒಂದೇ ಥರ ಇದೆ ಅಂತ ಮೂರು ಸಾವಿರ ವರ್ಷದ ಅಂತರವನ್ನು ಒಂದೇ ಹೆಜ್ಜೆಗೆ ದಾಟಬಾರದು.

ಬಾವಿಗಳಿಗೆ ಒಳ ಅರ್ಥ ಹುಡುಕಿದವರಲ್ಲಿ ನೀವು ಮೊದಲಿಗರಲ್ಲ, ಬೇಜಾರು ಬೇಡ. ಮೂರನೇ ಶತಮಾನದಲ್ಲಿ ಕ್ರೈಸ್ತ ಪಂಡಿತ ಓರಿಜೆನ್ ಈ ಬಾವಿಗಳ ಮೇಲೆಯೇ ಪ್ರಸಂಗ ಮಾಡಿದ್ದ. ಅವನಿಗೆ ಬಾವಿ ಅಂದರೆ ಧರ್ಮಗ್ರಂಥ, ಅಬ್ರಹಾಮನ ಕಾಲದ ಬಾವಿಗಳಿಗೆ ಮಣ್ಣು ತುಂಬಿದ ಫಿಲಿಷ್ಟಿಯರು ಅಂದರೆ ಗ್ರಂಥವನ್ನು ಬರೀ ಅಕ್ಷರಕ್ಕೆ ಓದುವವರು. ಹದಿಮೂರನೇ ಶತಮಾನದ ಯೆಹೂದಿ ಪಂಡಿತ ನಾಹ್ಮಾನಿದೆಸ್ ಮೂರು ಬಾವಿಗಳನ್ನು ಮೂರು ದೇವಾಲಯಗಳಿಗೆ ಹೊಂದಿಸಿದ: ಏಸೆಕ್ ಮೊದಲನೆಯದು, ಸಿಟ್ನಾ ಎರಡನೆಯದು, ರೆಹೋಬೋತ್ ಮುಂದೆ ಬರಲಿರುವುದು. ಎಜ್ರನ ಆ ವಚನವನ್ನೇ ಅವನೂ ತೋರಿಸುತ್ತಾನೆ. ಬಾವಿ ತೋಡಿದ ಕಥೆಯನ್ನು ಸುಮ್ನೆ ಕಥೆಯಾಗಿ ಓದಿದರೆ ಇಸಾಕನಿಗೆ ಅದರಲ್ಲಿ ದೊಡ್ಡ ಗೌರವ ಏನಿದೆ ಅನ್ನುವುದು ಅವನ ಅನುಮಾನ. ದೊಡ್ಡವರ ಮಾತು, ಗೌರವ ಇದೆ. ಆದರೆ ಇಬ್ಬರೂ ಬೇಸಿಗೆಯಲ್ಲಿ ಪಾವಗಡಕ್ಕೆ ಬಂದಿದ್ದರೆ ಬಾವಿ ಅಂದರೆ ಬಾವಿಯೇ ಅಂತ ಬಿಟ್ಟುಬಿಡುತ್ತಿದ್ದರು ಅನಿಸುತ್ತದೆ.

ಈಗ ಓದುವ ವಿಷಯಕ್ಕೆ ಬರೋಣ. ಮೊದಲ ನಾಲ್ಕು ದಿನ ಆ್ಯಪ್ ಮುಟ್ಟಬೇಡಿ, ವ್ಯಾಖ್ಯಾನ ಪುಸ್ತಕವನ್ನೂ ತೆರೆಯಬೇಡಿ. 12ನೇ ವಚನದಿಂದ 33ನೇ ವಚನದವರೆಗೆ ದಿನಾ ಒಮ್ಮೆ ಗಟ್ಟಿಯಾಗಿ ಓದಿ. ಒಂದು ದಿನ ಹಳೆಯ ಸತ್ಯವೇದದಲ್ಲಿ, ಒಂದು ದಿನ ಸರಳ ಭಾಷೆಯ ತರ್ಜುಮೆಯಲ್ಲಿ, ಒಂದು ದಿನ ಕಥೋಲಿಕರ ಬೈಬಲಿನಲ್ಲಿ. ನಿಮ್ಮ ಕಡೆ ಮನೆಮಾತು ತೆಲುಗು ಇರುವವರು ತುಂಬ. ಅವರಲ್ಲಿ ಯಾರನ್ನಾದರೂ ಕೂರಿಸಿ ತೆಲುಗಿನಲ್ಲಿ ಓದಿಸಿ ಕೇಳಿ. 19ನೇ ವಚನಕ್ಕೆ ಬಂದಾಗ ‘ಜೆಲ’ ಅನ್ನುವ ಮಾತು ಕಿವಿಗೆ ಬೀಳುತ್ತದೆ, ನಮ್ಮ ಒರತೆ, ಸೆಲೆ. ಹೀಬ್ರೂ ಬಾರದವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ತರ್ಜುಮೆಗಳು ಎಲ್ಲಿ ಒಂದಕ್ಕೊಂದು ಹೊಂದುವುದಿಲ್ಲವೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಕೆಳಗೆ ಹೀಬ್ರೂನಲ್ಲಿ ಏನೋ ಇದೆ ಅಂತ ಅರ್ಥ. ಐದನೇ ದಿನ ಆ್ಯಪ್ ತೆರೆದು ಆ ಗುರುತುಗಳನ್ನು ಮಾತ್ರ ನೋಡಿ. ಪದ ಒತ್ತಿದಾಗ ಬರುವ ಆ ನಂಬರುಗಳು 1890ರಲ್ಲಿ ಸ್ಟ್ರಾಂಗ್ ಅನ್ನುವವರು ಮಾಡಿದ ಸೂಚಿಯವು. ಆ ಪದ ಬೇರೆ ಎಲ್ಲೆಲ್ಲಿ ಬರುತ್ತದೆ ಅಂತ ಹುಡುಕಲು ಬಂಗಾರದಂಥ ಸಾಧನ. ಅರ್ಥ ಹೇಳುವುದಕ್ಕೆ ಅಷ್ಟು ಒಳ್ಳೆಯದಲ್ಲ.

ಏಸೆಕ್ ವಿಷಯದಲ್ಲೂ ಹುಷಾರು. ಹೀಬ್ರೂನಲ್ಲಿ ‘ಸ’ ಮತ್ತು ‘ಶ’ ಒಂದೇ ಅಕ್ಷರ, ಮೇಲಿನ ಚುಕ್ಕೆ ಎಡಕ್ಕಿದ್ದರೆ ಸ, ಬಲಕ್ಕಿದ್ದರೆ ಶ. ಚುಕ್ಕೆ ಬಲಕ್ಕೆ ಹೋದರೆ ಅದು ‘ದಬ್ಬಾಳಿಕೆ ಮಾಡು’ ಅನ್ನುವ ಬೇರೆಯೇ ಪದ. ಬೇರೊಂದು ‘ಸ’ ಹಾಕಿ ಬರೆದರೆ ಇವತ್ತಿನ ಹೀಬ್ರೂನಲ್ಲಿ ‘ವ್ಯಾಪಾರ’. ಇಂಟರ್ನೆಟ್‌ನಲ್ಲಿ ಹುಡುಕಿದರೆ ಮೂರೂ ಒಟ್ಟಿಗೆ ಬಂದು ಬೀಳುತ್ತವೆ. ಇಸಾಕನ ಬಾವಿಯ ಕ್ರಿಯಾಪದವಂತೂ ಹೀಬ್ರೂ ಬೈಬಲಿನಲ್ಲಿ ಇದೊಂದೇ ಕಡೆ ಬರುವುದು. ಅದರ ಅರ್ಥವನ್ನು ಪಕ್ಕದ ವಾಕ್ಯವೇ ಹೇಳುತ್ತದೆ: ಅವರು ಜಗಳ ಆಡಿದರು, ಅದಕ್ಕೇ ಆ ಹೆಸರು.

ನನ್ನದೇ ಒಂದು ಕಥೆ ಹೇಳುತ್ತೇನೆ. ಸೆಮಿನರಿ ಮುಗಿಸಿ ಬಂದ ಹೊಸದರಲ್ಲಿ ಕೊರಟಗೆರೆ ಕಡೆಯ ಒಂದು ಸಭೆಯಲ್ಲಿ ಇದೇ ಭಾಗ ತೆಗೆದುಕೊಂಡೆ. ಐದು ಹೀಬ್ರೂ ಪದ ಹೇಳಿದೆ, ಒಂದನ್ನು ಎರಡು ಸಲ ಉಚ್ಚರಿಸಿ ತೋರಿಸಿದೆ. ಆರಾಧನೆ ಮುಗಿದ ಮೇಲೆ, ವಯಸ್ಸಿನಲ್ಲಿ ಬಾವಿ ತೋಡುವ ಕೆಲಸ ಮಾಡಿದ್ದ ಹಿರಿಯರೊಬ್ಬರು ಹತ್ತಿರ ಬಂದರು. ‘ಅಯ್ನೋರೆ, ಕಣಿವೇಲಿ ತೋಡಿದ್ರು ಅಂದ್ರಲ್ಲ, ಅದು ಹಳ್ಳದ ಒಳಗೋ, ದಿಬ್ಬದ ಮೇಲೋ? ಹಳ್ಳದಾಗಾದ್ರೆ ನೀರೂ ಬೇಗ ಸಿಗ್ತದೆ, ಮುಚ್ಕೊಳ್ಳೋದೂ ಬೇಗ’ ಅಂದರು. ನನಗೆ ಗೊತ್ತಿರಲಿಲ್ಲ. ನೋಡಿ ಹೇಳುತ್ತೇನೆ ಅಂತ ಕೂಡ ಅನ್ನಲಿಲ್ಲ, ಏನೋ ಆತ್ಮಿಕವಾಗಿ ಉತ್ತರ ಕೊಟ್ಟು ಜಾರಿಕೊಂಡೆ. ರಾತ್ರಿ ಮನೆಗೆ ಬಂದು ಪುಸ್ತಕ ತೆಗೆದರೆ ಅಲ್ಲಿ ಇದ್ದದ್ದು ‘ನಹಲ್’.

ನಹಲ್ ಅಂದರೆ ಮಳೆ ಬಂದಾಗ ಮಾತ್ರ ಹರಿಯುವ ಹಳ್ಳ. ವರ್ಷದ ಹೆಚ್ಚು ದಿನ ಒಣ ಮರಳು, ಜಲ್ಲಿ. ಜೋರು ಮಳೆ ಬಿದ್ದ ದಿನ ಕೆಂಪು ನೀರು ನುಗ್ಗಿ ಬರುತ್ತದೆ. ‘ಕಣಿವೆ’, ‘ತಗ್ಗು’ ಅಂತ ಓದಿದರೆ ಕಣ್ಣ ಮುಂದೆ ಹಸಿರು ಬರುತ್ತದೆ, ಅಲ್ವಾ? ಹಾಗಲ್ಲ. ನಿಮ್ಮ ಜಯಮಂಗಲಿಯನ್ನು ನೆನಪಿಸಿಕೊಳ್ಳಿ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ದಾಟಿ ಉತ್ತರ ಪಿನಾಕಿನಿ ಸೇರುವ ಹೊಳೆ. ಹೊಳೆ ಅಂತ ಹೆಸರು, ನೋಡಿದರೆ ಮರಳು. ಆದರೆ ಆ ಮರಳನ್ನು ಕೈಯಿಂದ ಕೆದಕಿ ಚಿಲುಮೆ ಮಾಡಿ ಬಿಂದಿಗೆ ತುಂಬಿಸಿದ ಅಜ್ಜಿಯರು ನಿಮ್ಮ ಸಭೆಯಲ್ಲೇ ಇರುತ್ತಾರೆ.

ಆ ಹಳ್ಳದಲ್ಲಿ ಇಸಾಕನ ಆಳುಗಳಿಗೆ ಸಿಕ್ಕಿದ್ದು ‘ಬೆಎರ್ ಮಯಿಮ್ ಹಯ್ಯೀಮ್’. ಅಕ್ಷರಕ್ಕೆ ‘ಜೀವವಿರುವ ನೀರಿನ ಬಾವಿ’. ಹೀಬ್ರೂನಲ್ಲಿ ಇದು ದಿನಬಳಕೆಯ ಮಾತು: ನಿಂತ ನೀರಲ್ಲ, ಒಳಗಿಂದ ಉಕ್ಕುವ ನೀರು. ಯಾಜಕಕಾಂಡ 14ರಲ್ಲಿ ಶುದ್ಧೀಕರಣಕ್ಕೆ ಬೇಕಾದ ಹರಿಯುವ ನೀರಿಗೂ ಇದೇ ಮಾತು. ಹಳ್ಳದ ಮರಳಿನಲ್ಲಿ ಒರತೆ ಹಿಡಿದು ತೋಡಿದ ಬಾವಿ. ಇದಕ್ಕೆ ತುಮಕೂರು ಜಿಲ್ಲೆಯವರಿಗೆ ಹೊಸ ಪದ ಬೇಕಾಗಿಲ್ಲ, ತಲಪರಿಗೆ. ಮಧುಗಿರಿ, ಪಾವಗಡ, ಶಿರಾ, ಕೊರಟಗೆರೆ ಕಡೆ ಹಳ್ಳದಲ್ಲೋ ಕೆರೆ ಅಂಗಳದಲ್ಲೋ ಒರತೆ ಏಳುವ ಜಾಗ ಗುರುತಿಸಿ ತೋಡುತ್ತಿದ್ದರು. ಅಲ್ಲಿಂದ ಕಾಲುವೆ ತೆಗೆದರೆ ನೀರು ತಾನಾಗಿ ಹೊಲಕ್ಕೆ ಹರಿಯುತ್ತಿತ್ತು. ಸರದಿ ಪ್ರಕಾರ ಹಂಚಿಕೊಳ್ಳುತ್ತಿದ್ದರು, ಊರವರು ಸೇರಿ ಹೂಳು ತೆಗೆಯುತ್ತಿದ್ದರು. ಬೋರ್‌ವೆಲ್ ಬಂದು, ಮರಳು ಲಾರಿ ಹತ್ತಿ ಹೋದ ಮೇಲೆ ಎಷ್ಟೋ ತಲಪರಿಗೆ ಬತ್ತಿದವು. ನಿಮ್ಮ ಊರಿನ ಹತ್ತಿರ ಒಂದು ಇದ್ದೀತು. ಈ ಎರಡು ವಾರದಲ್ಲಿ ಒಂದು ಸಂಜೆ ಹೋಗಿ ನೋಡಿ ಬನ್ನಿ. ಅದೂ ವಾಕ್ಯ ಅಧ್ಯಯನವೇ.

ಒಂದು ಮಿತಿ ಮಾತ್ರ ನೆನಪಿರಲಿ. ಇಸಾಕ ಕೊನೆಗೆ ಹೋಗಿ ನಿಂತ ಬೇರ್ಷೆಬದ ಕಡೆ ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಳೆ. ನಾವು ಬರದ ಊರು ಅನ್ನುವ ಪಾವಗಡಕ್ಕೂ ಅದರ ಎರಡು ಪಟ್ಟಿಗಿಂತ ಜಾಸ್ತಿ ಬೀಳುತ್ತದೆ. ಅಲ್ಲಿನ ಪುರಾತನ ಬೇರ್ಷೆಬದ ದಿಬ್ಬವನ್ನು 1969ರಿಂದ 1976ರವರೆಗೆ ಅಗೆದಾಗ ಕೋಟೆ ಬಾಗಿಲ ಹೊರಗೆ ಸುಮಾರು 70 ಮೀಟರ್ ಆಳದ ಬಾವಿ ಸಿಕ್ಕಿತು. ಕೈಯಲ್ಲಿ ಕಡಿದದ್ದು, 230 ಅಡಿ. ಅದು ಅಬ್ರಹಾಮನದೇ, ಇಸಾಕನದೇ ಅಂತ ವೇದಿಕೆಯಿಂದ ಹೇಳಬೇಡಿ. ಅದರ ಕಾಲದ ಬಗ್ಗೆ ಪುರಾತತ್ವದವರಲ್ಲೇ ಜಗಳ ಇದೆ, ಅವರಿಗೂ ಒಂದು ಏಸೆಕ್. ಅಷ್ಟು ಆಳ ಕಡಿಯುವ ನಾಡಿನಲ್ಲಿ ಒಂದು ಬಾವಿ ಬಿಟ್ಟು ಹೋಗುವುದು ಎಂಥ ನಷ್ಟ ಅಂತ ಮನಸ್ಸಿಗೆ ಬಂದರೆ ಸಾಕು.

ಇನ್ನು ಕ್ರಿಯಾಪದಗಳು. ಹೆಸರುಗಳಿಗಿಂತ ಕ್ರಿಯಾಪದ ನೋಡಿ ಅಂತ ನಾನು ಕ್ಲಾಸಿನಲ್ಲಿ ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದೇನೆ. ಒಂದು ನೋಟ್‌ಬುಕ್ಕಿನಲ್ಲಿ ಈ 22 ವಚನಗಳನ್ನು ಕೈಯಾರೆ ಬರೆಯಿರಿ, ಒಂದೊಂದು ಕೆಲಸಕ್ಕೆ ಒಂದೊಂದು ಬಣ್ಣದ ಗೆರೆ ಹಾಕಿ. ತೋಡು, ಮುಚ್ಚು, ಹೊರಡು, ಹೆಸರಿಡು, ಕಳಿಸು. ಹೀಬ್ರೂನಲ್ಲಿ ‘ತೋಡು’ ಅನ್ನುವ ಹಾಫರ್ ಎಂಬ ಕ್ರಿಯೆ ಇಲ್ಲಿ ಏಳು ಸಲ ಬರುತ್ತದೆ. ಬೇರ್ಷೆಬದ ‘ಶೆಬ’ ಅಂದರೂ ಏಳು. (ಇದನ್ನು ಪ್ರಸಂಗದಲ್ಲಿ ಹೇಳಬೇಡಿ. ಹೇಳಿದರೆ ಮನೆಗೆ ಹೋಗುವಾಗ ಎಲ್ಲರಿಗೂ ಅದೊಂದೇ ನೆನಪಿರುತ್ತದೆ.) 18ನೇ ವಚನದಲ್ಲಿ ‘ತಿರುಗಿದನು, ತೋಡಿದನು’ ಅಂತ ಎರಡು ಕ್ರಿಯೆ ಒಟ್ಟಿಗೆ ಇವೆ. ಇಸಾಕ ಎಲ್ಲಿಂದಲೋ ವಾಪಸ್ ಬಂದ ಅಂತಲ್ಲ, ಮತ್ತೆ ತೋಡಿದ ಅಂತ ಹೇಳುವ ರೀತಿ ಅದು. ಅಪ್ಪನ ಕಾಲದ ಬಾವಿಗಳ ಮಣ್ಣು ತೆಗೆಸಿ ಅಪ್ಪ ಇಟ್ಟ ಹೆಸರುಗಳನ್ನೇ ಇಟ್ಟ.

16ನೇ ವಚನದಲ್ಲಿ ಗೆರಾರಿನ ಅರಸ ಅಬೀಮೆಲೆಕ ಏನು ಹೇಳುತ್ತಾನೆ ನೋಡಿ: ನೀನು ನಮಗಿಂತ ಬಲಿಷ್ಠನಾಗಿಬಿಟ್ಟೆ, ಇಲ್ಲಿಂದ ಹೋಗು. ವಿಮೋಚನಕಾಂಡ 1:9ರಲ್ಲಿ ಫರೋಹ ಇಸ್ರಾಯೇಲ್ಯರ ಬಗ್ಗೆ ಹೇಳುವುದೂ ಅದೇ ಬೇರಿನ ಪದದಲ್ಲಿ. ವಲಸೆ ಬಂದವರು ಬೆಳೆದರೆ ಊರಿನವರ ಎದೆಯಲ್ಲಿ ಹುಟ್ಟುವ ಭಯ. ಒಂದು ಕಡೆ ಆ ಭಯ ಬಾವಿ ಮುಚ್ಚಿಸುತ್ತದೆ, ಇನ್ನೊಂದು ಕಡೆ ಮಕ್ಕಳನ್ನು ನೈಲ್ ನದಿಗೆ ಎಸೆಯಿಸುತ್ತದೆ. ಇದು ಇನ್ನೊಂದು ಭಾನುವಾರಕ್ಕೆ ಇರಲಿ.

ರೆಹೋಬೋತ್ ಬಗ್ಗೆ ನಿಮಗೆ ಒಂದು ಖುಷಿಯ ಸುದ್ದಿ. ಅದರ ಬೇರಿನ ಅರ್ಥ ಅಗಲ, ವಿಶಾಲ. ಅದಕ್ಕೆ ಎದುರು ಪದ ‘ತ್ಸಾರ್’. ಅಂದರೆ ಕಿರಿದಾದ ಜಾಗ, ಜೊತೆಗೇ ಕಷ್ಟ. 4ನೇ ಕೀರ್ತನೆಯ ಶುರುವಿನಲ್ಲಿ ಎರಡೂ ಒಟ್ಟಿಗೆ ಇವೆ: ಕಿರಿದರಲ್ಲಿ ಸಿಕ್ಕಿಕೊಂಡ ನನಗೆ ಅಗಲ ಮಾಡಿಕೊಟ್ಟೆ. ಎಷ್ಟೋ ಭಾಷೆಗಳಲ್ಲಿ ಇದನ್ನು ಒಂದೇ ಪದದಲ್ಲಿ ಹೇಳಲು ಒದ್ದಾಡಬೇಕು. ಕನ್ನಡದಲ್ಲಿ ‘ಇಕ್ಕಟ್ಟು’ ಇದೆ! ಜಾಗವೂ ಇಕ್ಕಟ್ಟು, ಜೀವನವೂ ಇಕ್ಕಟ್ಟು. ನನ್ನ ಮೇಜಿನ ಮೇಲೆ ಹೀಬ್ರೂ ನಿಘಂಟಿನ ಪಕ್ಕದಲ್ಲೇ 1894ರ ಕಿಟೆಲರ ಕನ್ನಡ ನಿಘಂಟಿನ ಮರುಮುದ್ರಣ ಇರುತ್ತದೆ. ಅವರೂ ಬಾಸೆಲ್ ಮಿಷನ್ನಿನ ಪಾದ್ರಿಯೇ. ಹೀಬ್ರೂ ಓದುವವರಿಗೆ ಕನ್ನಡ ಚೆನ್ನಾಗಿ ಬರಬೇಕು. ಅದು ಬರದಿದ್ದರೆ ಮೊದಲನೆಯದು ಎಷ್ಟು ಬಂದರೂ ಪ್ರಯೋಜನ ಕಡಿಮೆ. ಈ ವಿಷಯದಲ್ಲಿ ಶಾಲೆಯಲ್ಲಿ ದಿನಾ ಕನ್ನಡ ಕಲಿಸುವ ನೀವು ನನಗಿಂತ ಮುಂದೆ ಇದ್ದೀರಿ.

ಆದರೂ ಪ್ರಸಂಗವನ್ನು ರೆಹೋಬೋತಿನಲ್ಲಿ ಮುಗಿಸಬೇಡಿ. ನಮ್ಮ ಕಡೆ ಮನೆಗಳಿಗೆ, ಪ್ರಾರ್ಥನಾ ಮಂದಿರಗಳಿಗೆ ಆ ಹೆಸರು ಎಷ್ಟು ಇಟ್ಟಿದ್ದೇವೆ! ಇಸಾಕ ಮಾತ್ರ ಅಲ್ಲಿ ಉಳಿಯಲಿಲ್ಲ. 22ರಲ್ಲಿ ‘ಈಗ ಕರ್ತನು ನಮಗೆ ಅಗಲ ಮಾಡಿದ್ದಾನೆ’ ಅಂದವನು 23ರಲ್ಲಿ ಬೇರ್ಷೆಬಕ್ಕೆ ಹತ್ತಿ ಹೋಗುತ್ತಾನೆ. ಯಾಕೆ ಅಂತ ಗ್ರಂಥ ಹೇಳುವುದಿಲ್ಲ. ಹಾಗಾದರೆ ಕಥೆಯ ತೂಕ ಎಲ್ಲಿದೆ?

ನನ್ನ ಲೆಕ್ಕದಲ್ಲಿ 25ಕ್ಕೂ 32ಕ್ಕೂ ನಡುವೆ. 25ರ ಕೊನೆಗೆ ಆಳುಗಳು ಬೇರ್ಷೆಬದಲ್ಲಿ ಬಾವಿ ಅಗೆಯಲು ಶುರು ಮಾಡುತ್ತಾರೆ. ಇಲ್ಲಿ ಮಾತ್ರ ಹೀಬ್ರೂ ಬೇರೆ ಕ್ರಿಯಾಪದ ಬಳಸುತ್ತದೆ. ನೀರು ಬಂತಾ? ಹೇಳುವುದಿಲ್ಲ. 26ರಲ್ಲಿ ಅಬೀಮೆಲೆಕ ಬರುತ್ತಾನೆ, ಸೇನಾಪತಿ ಜೊತೆ. ಅಟ್ಟಿದವನೇ ಬಂದಿದ್ದಾನೆ. ಮಾತು, ಊಟ, ರಾತ್ರಿ, ಬೆಳಿಗ್ಗೆ ಪ್ರಮಾಣ, ಬೀಳ್ಕೊಡುಗೆ. ‘ಅದೇ ದಿನ’ ಆಳುಗಳು ಬಂದು ‘ನೀರು ಸಿಕ್ಕಿತು’ ಅನ್ನುತ್ತಾರೆ. ಅಂದರೆ ಇಸಾಕ ಆ ಊಟ ಹಾಕಿದ್ದು ನೀರು ಸಿಗುತ್ತದೋ ಇಲ್ಲವೋ ಅಂತ ಗೊತ್ತಾಗುವ ಮೊದಲು.

ನಿಮ್ಮ ಸಭೆಯವರಿಗೆ ಇದನ್ನು ವಿವರಿಸುವುದೇ ಬೇಡ, ತೋರಿಸಿದರೆ ಸಾಕು. ಹೊಲದಲ್ಲಿ ಬೋರ್ ಲಾರಿ ನಿಂತಿದೆ. ಪಾಯಿಂಟ್ ಮಾಡಿದವರು ತೆಂಗಿನಕಾಯಿ ಹಿಡಿದು ಓಡಾಡಿ ಜಾಗ ತೋರಿಸಿ ದುಡ್ಡು ತೆಗೆದುಕೊಂಡು ಹೋಗಿಯಾಗಿದೆ. ಅಡಿಗೆ ಇಷ್ಟು ಅಂತ ರೇಟು. 300 ಆಯಿತು, 600 ಆಯಿತು, 1000 ದಾಟಿತು. ಬರುತ್ತಿರುವುದು ಬರೀ ಬಿಳಿ ಕಲ್ಲುಪುಡಿ. ಮನೆಯವರೆಲ್ಲ ಟವೆಲಿನಲ್ಲಿ ಮೂಗು ಮುಚ್ಚಿಕೊಂಡು ಆ ಪುಡಿ ಎಲ್ಲಾದರೂ ಹಸಿಯಾಗುತ್ತದಾ ಅಂತ ನೋಡುತ್ತಾ ನಿಂತಿದ್ದಾರೆ. ಆ ಹೊತ್ತಿಗೆ, ನಿಮ್ಮನ್ನು ಹಿಂದಿನ ಜಮೀನಿನಿಂದ ಓಡಿಸಿದವರು ಗೇಟಿನ ಹತ್ತಿರ ಬಂದು ‘ಮಾತಾಡಬೇಕಿತ್ತು’ ಅನ್ನುತ್ತಾರೆ. ನೀವು ಒಳಗೆ ಹೋಗಿ ಮುದ್ದೆಗೆ ಎಸರು ಇಡಿ ಅಂತ ಹೇಳುತ್ತೀರಾ?

ಇಲ್ಲೇ ನೀವು ನೋಡಲೇಬೇಕಾದ ಒಂದು ಕ್ರಿಯಾಪದ ಇದೆ, ‘ಕಳಿಸು’. 27ರಲ್ಲಿ ಇಸಾಕ ನೇರವಾಗಿ ಕೇಳುತ್ತಾನೆ: ನನ್ನನ್ನು ದ್ವೇಷಿಸಿ ಕಳಿಸಿಬಿಟ್ಟಿರಲ್ಲ, ಈಗ ಯಾಕೆ ಬಂದಿರಿ? 29ರಲ್ಲಿ ಅವರ ಉತ್ತರ: ನಾವು ನಿನಗೆ ಒಳ್ಳೆಯದನ್ನೇ ಮಾಡಿ ಸಮಾಧಾನದಿಂದ ಕಳಿಸಿದೆವಲ್ಲ. (ಸಮಾಧಾನದಿಂದ! ಬಾವಿಗೆ ಮಣ್ಣು ಹಾಕಿ.) 31ರಲ್ಲಿ ಇಸಾಕ ಅವರನ್ನು ಕಳಿಸುತ್ತಾನೆ, ಅವರು ಸಮಾಧಾನದಿಂದ ಹೋಗುತ್ತಾರೆ. ಹೀಬ್ರೂನಲ್ಲಿ ಮೂರೂ ಕಡೆ ಒಂದೇ ಕ್ರಿಯೆ. ನಾವು ಕನ್ನಡಿಗರು ಮೊದಲನೆಯದನ್ನು ಅಟ್ಟಿದರು, ಎರಡನೆಯದನ್ನು ಕಳಿಸಿದರು, ಮೂರನೆಯದನ್ನು ಬೀಳ್ಕೊಟ್ಟ ಅನ್ನುತ್ತೇವೆ. ಹಾಗೆ ಬೇರೆ ಬೇರೆ ಪದ ಹಾಕಿದ ಕೂಡಲೇ ಈ ಎಳೆ ಕಾಣುವುದಿಲ್ಲ. ಅವರು ಬಾಯಲ್ಲಿ ಹೇಳಿದ ಸಮಾಧಾನದ ಕಳಿಸುವಿಕೆಯನ್ನು ಇಸಾಕ ನಿಜವಾಗಿ ಮಾಡಿ ತೋರಿಸುತ್ತಾನೆ. ಅವರ ಸುಳ್ಳನ್ನು ಸುಳ್ಳು ಅನ್ನಲಿಲ್ಲ, ಆದರೆ ತನ್ನ ಮಾತನ್ನು ನುಂಗಿಕೊಳ್ಳಲೂ ಇಲ್ಲ.

ಈ ಎರಡನೇ ಅರ್ಧ ಬಿಟ್ಟರೆ ಪ್ರಸಂಗ ಅಡ್ಡದಾರಿ ಹಿಡಿಯುತ್ತದೆ. ‘ಜಗಳ ಬೇಡ, ಬಿಟ್ಟುಕೊಡಿ, ದೇವರು ಬೇರೆ ಕಡೆ ಕೊಡುತ್ತಾನೆ’ ಅನ್ನುವ ಪ್ರಸಂಗವನ್ನು ನಾನು ಎಷ್ಟೋ ಸಲ ಕೇಳಿದ್ದೇನೆ, ಒಂದೆರಡು ಸಲ ನಾನೇ ಮಾಡಿದ್ದೇನೆ. ಇಸಾಕನಿಗೆ ದನ, ಕುರಿ, ಆಳು ಎಲ್ಲ ಇತ್ತು. ಗುಡಾರ ಕಿತ್ತು ಮುಂದೆ ಹೋಗಬಹುದಿತ್ತು. ನಿಮ್ಮ ಮುಂದೆ ಚಾಪೆ ಮೇಲೆ ಕೂತಿರುವವರಲ್ಲಿ ಇಪ್ಪತ್ತು ಗುಂಟೆ ಇರುವವರು ಇದ್ದಾರೆ, ಅದೂ ಇಲ್ಲದವರು ಇದ್ದಾರೆ. ಅವರು ಎಲ್ಲಿಗೆ ಹೋಗಬೇಕು? ಊರ ಬಾವಿ ಒಂದು, ಕೇರಿ ಬಾವಿ ಇನ್ನೊಂದು ಇದ್ದ ಕಾಲವನ್ನು ನಿಮ್ಮ ಹಿರಿಯರು ಮರೆತಿಲ್ಲ. ‘ಲನೂ ಹಮ್ಮಾಯಿಮ್’, ‘ನೀರು ನಮ್ಮದು’ ಅನ್ನುವ 20ನೇ ವಚನದ ಮಾತು ಅವರಿಗೆ ಬೈಬಲಿನಲ್ಲಿ ಮೊದಲ ಸಲ ಕೇಳಿದ್ದಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾಡಿನ ಚವದಾರ್ ಕೆರೆಗೆ ಇಳಿದು ನೀರು ಕುಡಿದದ್ದು ಇದೇ ಮಾತಿಗೆ ಎದುರಾಗಿ. ಇನ್ನೊಂದು ಕಡೆ, ಅದೇ ಸಭೆಯಲ್ಲಿ ಆಳವಾದ ಬೋರ್ ಹಾಕಿಸಿ ಪಕ್ಕದವರ ನೀರು ಕಡಿಮೆ ಮಾಡಿದವರೂ ಇರಬಹುದು. ಈ ಕಥೆಯಲ್ಲಿ ಅವರು ಯಾರು? ಹಳ್ಳದ ಒರತೆಯನ್ನು ಮೇಲೊಬ್ಬ ದೊಡ್ಡ ಮಂದೆಯವನು ಹಿಡಿದರೆ ಕೆಳಗಿನವರಿಗೆ ಏನು ಉಳಿಯುತ್ತದೆ ಅಂತ ಗೆರಾರಿನವರೂ ಯೋಚಿಸಿರಬಹುದು. ಇದು ಗ್ರಂಥದಲ್ಲಿ ಇಲ್ಲ, ನನ್ನ ಊಹೆ. ಪ್ರಸಂಗದಲ್ಲಿ ಹೇಳಿದರೆ ಊಹೆ ಅಂತಲೇ ಹೇಳಿ.

32ನೇ ವಚನದಲ್ಲಿ ಒಂದು ಸ್ವಾರಸ್ಯ ಇದೆ, ತಯಾರಿಯಲ್ಲಿ ನಿಮಗೆ ಗೊತ್ತಿರಲಿ. ಹೀಬ್ರೂನಲ್ಲಿ ‘ಅವನಿಗೆ’ ಅನ್ನುವುದಕ್ಕೆ ‘ಲೋ’, ‘ಇಲ್ಲ’ ಅನ್ನುವುದಕ್ಕೂ ‘ಲೋ’. ಕಿವಿಗೆ ಒಂದೇ. ಬರೆಯುವಾಗ ಮೊದಲನೆಯದಕ್ಕೆ ಕೊನೆಯಲ್ಲಿ ವಾವ್, ಎರಡನೆಯದಕ್ಕೆ ಆಲೆಫ್. ಹೀಬ್ರೂ ಪ್ರತಿಯಲ್ಲಿ ‘ಅವನಿಗೆ ಹೇಳಿದರು: ನೀರು ಸಿಕ್ಕಿತು’ ಅಂತ ಇದೆ. ಕ್ರಿಸ್ತನಿಗೆ ಸುಮಾರು ಎರಡೂವರೆ ನೂರು ವರ್ಷ ಮೊದಲು ಗ್ರೀಕಿಗೆ ತರ್ಜುಮೆ ಮಾಡಿದವರು ಅದನ್ನು ‘ಹೇಳಿದರು: ನೀರು ಸಿಗಲಿಲ್ಲ’ ಅಂತ ಓದಿದ್ದಾರೆ! ಒಂದು ಅಕ್ಷರದಲ್ಲಿ ಬೋರ್ ಫೇಲ್. ಬಾವಿಗೆ ಹೆಸರಿಟ್ಟು ಊರಿಗೂ ಆ ಹೆಸರು ನಿಂತಿತು ಅಂತ ಮುಂದೆ ಇರುವುದರಿಂದ ಹೀಬ್ರೂ ಪಾಠವೇ ಸರಿ ಅಂತ ನಾನು ಒಪ್ಪುತ್ತೇನೆ. ನಮ್ಮ ಕನ್ನಡ ತರ್ಜುಮೆಗಳೂ ಅದನ್ನೇ ಹಿಡಿದಿವೆ. ಆದರೂ ಆ ಗ್ರೀಕ್ ಓದು ನನ್ನನ್ನು ಬಿಡುವುದಿಲ್ಲ. ನೀರು ಬಾರದಿದ್ದರೂ ಆ ಊಟ, ಆ ಪ್ರಮಾಣ ಆಗಿಹೋಗಿತ್ತು, ಅಲ್ವಾ? ನಿಮ್ಮ ಊರಿನಲ್ಲಿ ಫೇಲ್ ಆದ ಬೋರುಗಳ ಮನೆಯವರೂ ಆ ಭಾನುವಾರ ಬಂದಿರುತ್ತಾರೆ.

ಹೊಸ ಒಡಂಬಡಿಕೆಗೆ ಯಾವಾಗ ಹೋಗುವುದು ಅಂತ ನೀವು ಕೇಳಿಲ್ಲ, ಆದರೆ ಕೇಳುತ್ತೀರಿ. ಎರಡನೇ ವಾರದ ಮಧ್ಯದಲ್ಲಿ. ಯೆರೆಮೀಯ 2:13ರ ಮೂಲಕ ಹೋಗಿ. ಅಲ್ಲಿ ಜೀವಜಲದ ಬುಗ್ಗೆ ಬಿಟ್ಟು ಬಿರುಕು ಬಿಟ್ಟ ತೊಟ್ಟಿ ತೋಡಿಕೊಂಡವರ ಮಾತು ಇದೆ. ಆಮೇಲೆ ಯೋಹಾನ 4. ಯೇಸು ಜೀವವುಳ್ಳ ನೀರು ಅಂದಾಗ ಬಾವಿಗೆ ಬಂದ ಸಮಾರ್ಯದ ಹೆಂಗಸು ಮೊದಲು ನಿಜವಾದ ಒರತೆ ನೀರು ಅಂತಲೇ ತಿಳಿದುಕೊಂಡಳು. ತಪ್ಪು ಅವಳದಲ್ಲ, ಆ ಮಾತಿನ ದಿನಬಳಕೆಯ ಅರ್ಥ ಅದೇ. ಇಸಾಕನ ಹಳ್ಳದಲ್ಲಿ ನಾಲ್ಕು ದಿನ ಮರಳು ತೋಡಿದವರಿಗೆ ಆ ಬಾವಿಯ ಕಟ್ಟೆ ಮೇಲಿನ ಮಾತು ಬೇರೆ ಥರ ಕೇಳಿಸುತ್ತದೆ.

ವೇದಿಕೆಯಿಂದ ಎಷ್ಟು ಹೀಬ್ರೂ ಹೇಳಬಹುದು? ಬಾವಿಗಳ ಹೆಸರು, ಅವುಗಳ ಅರ್ಥ. ಅದಕ್ಕಿಂತ ಒಂದು ಪದವೂ ಬೇಡ. ಊಟಕ್ಕೆ ಕೂತವರ ಮುಂದೆ ಮುದ್ದೆ ಇಡಬೇಕು, ಮುದ್ದೆ ಕೋಲು ತಂದು ತೋರಿಸಬಾರದು. ತಲಪರಿಗೆ ಅನ್ನಿ, ತಕರಾರು ಅನ್ನಿ, ಇಕ್ಕಟ್ಟು ಅನ್ನಿ. ಇಪ್ಪತ್ತು ನಿಮಿಷ ಸಾಕು. ಬರೆದುಕೊಂಡದ್ದನ್ನು ಶನಿವಾರ ಸಂಜೆ ಮನೆಯವರಿಗೆ ಒಮ್ಮೆ ಹೇಳಿ ನೋಡಿ. ಅವರು ಎಲ್ಲಿ ಆಚೆ ಈಚೆ ನೋಡುತ್ತಾರೋ ಅಲ್ಲಿ ನೀವು ಪಾಂಡಿತ್ಯ ತೋರಿಸುತ್ತಿದ್ದೀರಿ ಅಂತ ಅರ್ಥ, ಕತ್ತರಿಸಿ.

ಇನ್ನೊಂದು ಸಣ್ಣ ಕೆಲಸ. ಆವತ್ತು ವಾಕ್ಯ ಓದುವ ಸರದಿ ಯಾರದು ಅಂತ ಮೊದಲೇ ತಿಳಿದುಕೊಳ್ಳಿ. 25ನೇ ವಚನದ ಕೊನೆಯಲ್ಲಿ, ಆಳುಗಳು ಬಾವಿ ಅಗೆಯಲು ತೊಡಗಿದರು ಅನ್ನುವ ಕಡೆ, ಎರಡು ಉಸಿರಿನಷ್ಟು ಹೊತ್ತು ನಿಲ್ಲಿಸಿ ಆಮೇಲೆ 26ಕ್ಕೆ ಹೋಗಲು ಹೇಳಿ. ನಾವೆಲ್ಲ ಅದನ್ನು ಒಂದೇ ಓಟದಲ್ಲಿ ಓದಿ ಮುಗಿಸಿಬಿಡುತ್ತೇವೆ.